ಕೋಡಿ ಬೀಳುವ ಮುಂಚೆ: ಪಂಚಾಯ್ತಿ, ಶಾಲೆ, ಸಂಘಗಳು ಆಪತ್ತಿಗೆ ಸಿದ್ಧವಾಗಲು ಒಂದು ಸಮಗ್ರ ಮಾರ್ಗದರ್ಶಿ

2019ರ ಆಗಸ್ಟ್. ತುಂಗಭದ್ರೆ ದಂಡೆ ಮೀರಿ ಬೀದಿಗೆ ಬಂದಿದ್ದಳು. ಹರಿಹರ ತಾಲ್ಲೂಕಿನ ನಮ್ಮೂರ ಕೆಳಗಿನ ಕೇರಿಯಿಂದ ಜನರನ್ನು ಎಬ್ಬಿಸಿಕೊಂಡು ಶಾಲೆ ಮುಂದೆ ಬಂದು ನಿಂತಾಗ ರಾತ್ರಿ ಹನ್ನೊಂದೂವರೆ. ಮಳೆ ನಿಂತಿರಲಿಲ್ಲ. ಒಬ್ಬ ಅಜ್ಜಿ ಸೆರಗಿನೊಳಗೆ ಕೋಳಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಬಾಗಿಲಿಗೆ ಬೀಗ.

"ಕೀಲಿಕೈ ಎಲ್ಲೈತಿ?" ಅಂದೆ.

"ಹೆಡ್‌ಮೇಷ್ಟ್ರ ಹತ್ರ ಐತ್ರಿ. ಅವರು ಊರಿಗೆ ಹೋಗ್ಯಾರ."

ಕಲ್ಲಿನಿಂದ ಬೀಗ ಒಡೆಯೋಕೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಮಕ್ಕಳು ನೆನೆದರು. ಪಂಚಾಯ್ತಿ ಕಪಾಟಿನಲ್ಲಿ ಆಪತ್ತಿನ ಯೋಜನೆ ಅಂತ ಒಂದು ಫೈಲ್ ಇತ್ತು. ಅದರಲ್ಲಿ 'ಕಾಳಜಿ ಕೇಂದ್ರ: ಸರ್ಕಾರಿ ಶಾಲೆ' ಅಂತ ಬರೆದಿತ್ತು, ಅಂದರೆ ಆಪತ್ತಿನಲ್ಲಿ ಜನರನ್ನು ಕರೆತಂದು ಇರಿಸುವ ಜಾಗ. ಕೀಲಿಕೈ ಯಾರ ಹತ್ತಿರ ಇರುತ್ತದೆ ಅಂತ ಬರೆದಿರಲಿಲ್ಲ.

ಆಗ ನಾನು ಪಂಚಾಯ್ತಿ ಸದಸ್ಯ. ಈಗ ಒಂದು ಸಹಕಾರ ಸಂಘದ ಕೆಲಸ ನೋಡಿಕೊಳ್ಳುತ್ತೇನೆ. ಆ ರಾತ್ರಿ ಆದಮೇಲೆ ಈ ವಿಷಯವನ್ನು ಬಿಟ್ಟಿಲ್ಲ. ಕಾಯ್ದೆ ಓದಿದೆ, ತರಬೇತಿಗಳಿಗೆ ಹೋದೆ, ನಾಲ್ಕಾರು ಊರಿನವರ ಜೊತೆ ಕೂತು ಯೋಜನೆ ಬರೆದೆ. ಕಂಡುಕೊಂಡಿದ್ದು ಇಷ್ಟು: ಆಪತ್ತಿನ ಹೊತ್ತಿನಲ್ಲಿ ಜನರಿಗೆ ಧೈರ್ಯ ಇರುತ್ತದೆ, ಕೈಕಾಲೂ ಆಡುತ್ತವೆ. ಏನು ಮಾಡಬೇಕು, ಯಾರು ಹೇಳಬೇಕು ಅನ್ನೋದು ಮಾತ್ರ ತೀರ್ಮಾನ ಆಗಿರುವುದಿಲ್ಲ. ಆ ತೀರ್ಮಾನಗಳನ್ನು ಬೇಸಿಗೆಯಲ್ಲೇ, ತಣ್ಣಗೆ ಕೂತು ಮಾಡಿಟ್ಟುಕೊಳ್ಳುವ ದಾರಿ ಕೆಳಗಿದೆ. ಗ್ರಾಮ ಪಂಚಾಯ್ತಿಗೆ ಅಂತ ಬರೆದಿದ್ದೇನೆ. ಶಾಲೆ, ಸಂಘ, ಕಾರ್ಖಾನೆ, ಜಾತ್ರೆ ಸಮಿತಿಗೂ ಇದೇ ದಾರಿ ನಡೆಯುತ್ತದೆ.

ಹೆಜ್ಜೆ 1: ನಿಮ್ಮೂರಿಗೆ ಏನು ಬರಬಹುದು, ಬರೆಯಿರಿ

ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಸೀಮೆ ಒಂದೇ ಆದರೂ ಆಪತ್ತು ಊರಿಂದ ಊರಿಗೆ ಬೇರೆ. ಹೊನ್ನಾಳಿ, ಹರಿಹರಕ್ಕೆ ಹೊಳೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿಗೆ ಬರ. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಊರುಗಳಿಗೆ ರಾತ್ರಿ ಹೊತ್ತಿನ ಅಪಘಾತ. ನಾಯಕನಹಟ್ಟಿಗೆ ತೇರಿನ ದಿನ ಸೇರುವ ಜನಸಾಗರ. ದಾವಣಗೆರೆಯ ಹತ್ತಿ ಗೋದಾಮು, ಮಂಡಕ್ಕಿ ಭಟ್ಟಿಗಳಿಗೆ ಬೆಂಕಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹೊಲದಲ್ಲಿ ನಿಂತವರಿಗೆಲ್ಲ ಸಿಡಿಲು.

ಪಟ್ಟಿ ಮಾಡುವಾಗ ಹಿರಿಯರನ್ನು ಕೇಳಿ. ಆದರೆ ಹಿರಿಯರ ನೆನಪನ್ನೇ ನೆಚ್ಚಿಕೊಂಡು ಕೂರಬೇಡಿ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನೇ ನೋಡಿ. ಮಾರಿಕಣಿವೆ ಅಂತ ಕರೆಯುವ ಆ ಅಣೆಕಟ್ಟು 1907ರಲ್ಲಿ ಮುಗಿಯಿತು. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ 89 ವರ್ಷ ಬೀಳಲಿಲ್ಲ. ಮೂರು ತಲೆಮಾರು ಆ ಕೋಡಿಯನ್ನು ಕಾಣಲೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನೀರು 130 ಅಡಿ ಮುಟ್ಟಿ ಮತ್ತೆ ಹರಿಯಿತು. ಮೂರು ವರ್ಷ ತುಂಬುವುದರೊಳಗೆ, 2025ರ ಜನವರಿಯಲ್ಲಿ ಇನ್ನೊಂದು ಸಲ. "ನಮ್ಮ ಕಾಲದಲ್ಲಿ ಹಂಗಾಗಿಲ್ಲ" ಅನ್ನೋ ಮಾತು ಪಟ್ಟಿಯಿಂದ ಯಾವುದನ್ನೂ ತೆಗೆದುಹಾಕಲು ಕಾರಣ ಆಗಬಾರದು.

ಒಂದು ಹಾಳೆಯಲ್ಲಿ ಎರಡು ಅಂಕಣ ಎಳೆಯಿರಿ. ಎಷ್ಟು ಸಲ ಬರಬಹುದು, ಬಂದರೆ ಎಷ್ಟು ಹಾನಿ. ಎರಡರಲ್ಲೂ ಮೇಲಿರುವ ನಾಲ್ಕೈದನ್ನು ಮಾತ್ರ ಆರಿಸಿ. ಇಪ್ಪತ್ತು ಆಪತ್ತಿಗೆ ಯೋಜನೆ ಬರೆದವರು ಒಂದಕ್ಕೂ ಸಿದ್ಧರಾಗಿರುವುದನ್ನು ನಾನು ಕಂಡಿಲ್ಲ.

ಈ ಹಾಳೆ ಜೊತೆ ಇನ್ನೊಂದು ಹಾಳೆ ಬೇಕು, ಅದು ಮೊದಲನೆಯದಕ್ಕಿಂತ ಮುಖ್ಯ. ತಾವಾಗಿ ಎದ್ದು ಬರಲಾಗದವರ ಪಟ್ಟಿ. ಹಾಸಿಗೆ ಹಿಡಿದವರು, ಬಾಣಂತಿಯರು, ಒಂಟಿ ಮುದುಕರು, ಡಯಾಲಿಸಿಸ್‌ಗೆ ಹೋಗುವವರು, ಕಿವಿ ಕೇಳದವರು. ಮೈಕಿನಲ್ಲಿ ಎಷ್ಟೇ ಕೂಗಿದರೂ ಕಿವಿ ಕೇಳದವರಿಗೆ ಮುಟ್ಟಲ್ಲ ಅಲ್ವಾ? ಈ ಪಟ್ಟಿ ನಿಮ್ಮ ಆಶಾ ಕಾರ್ಯಕರ್ತೆಯ ತಲೆಯಲ್ಲಿ ಆಗಲೇ ಇರುತ್ತದೆ. ಅವರನ್ನು ಕೂರಿಸಿಕೊಂಡು ಮನೆ ನಂಬರ್ ಸಮೇತ ಬರೆಯಿರಿ. ಪ್ರತಿ ಹೆಸರಿನ ಮುಂದೆ ಅವರನ್ನು ಕರೆತರುವ ಪಕ್ಕದ ಮನೆಯವರ ಹೆಸರೂ ಇರಲಿ.

ಹೆಜ್ಜೆ 2: ಯಾರ ಮಾತು ನಡೆಯಬೇಕು, ಈಗಲೇ ತೀರ್ಮಾನಿಸಿ

2004ರ ಸುನಾಮಿಯ ಮರುವರ್ಷ ವಿಪತ್ತು ನಿರ್ವಹಣಾ ಕಾಯ್ದೆ 2005 ಬಂತು. ಅದರ ಪ್ರಕಾರ ರಾಷ್ಟ್ರ ಮಟ್ಟದ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಪ್ರಧಾನಿ ಅಧ್ಯಕ್ಷರು, ರಾಜ್ಯಕ್ಕೆ ಮುಖ್ಯಮಂತ್ರಿ, ಜಿಲ್ಲೆಗೆ ಜಿಲ್ಲಾಧಿಕಾರಿ. ಜಿಲ್ಲಾ ಪಂಚಾಯ್ತಿ ಅಧ್ಯಕ್ಷರು ಜಿಲ್ಲೆಯಲ್ಲಿ ಸಹ ಅಧ್ಯಕ್ಷರು. ಜಿಲ್ಲೆಯ ಯೋಜನೆಯನ್ನು ಪ್ರತಿ ವರ್ಷ ತಿದ್ದಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಸಿಬ್ಬಂದಿಗೆ ತರಬೇತಿ ಕೊಡುವುದು, ಸಾಮಾನು ಸಿದ್ಧ ಇಟ್ಟುಕೊಳ್ಳುವುದು ಪಂಚಾಯ್ತಿ, ಪುರಸಭೆಗಳ ಹೊಣೆ. ಇದು ಬೇಕಿದ್ದರೆ ಮಾಡುವ ಕೆಲಸ ಅಂತ ತುಂಬಾ ಜನ ತಿಳಿದಿದ್ದಾರೆ. ಕಾಯ್ದೆಯ 41ನೇ ಸೆಕ್ಷನ್ ಓದಿ ನೋಡಿ.

ರಾಷ್ಟ್ರೀಯ ಪ್ರಾಧಿಕಾರ 2010ರಲ್ಲಿ ಒಂದು ಮಾರ್ಗಸೂಚಿ ತಂದಿತು. ಘಟನೆ ನಡೆದಾಗ ಯಾರು ಯಾವ ಕೆಲಸ ಹಿಡಿಯಬೇಕು ಅನ್ನುವ ಒಂದು ಚೌಕಟ್ಟು ಅದರಲ್ಲಿದೆ. ದೊಡ್ಡ ಪುಸ್ತಕ ಅದು. ಊರಿನ ಮಟ್ಟಕ್ಕೆ ಇಳಿಸಿದರೆ ನಾಲ್ಕು ಜನ ಸಾಕು: ಹೇಳುವವರು, ಮಾಡಿಸುವವರು, ಒದಗಿಸುವವರು, ಬರೆಯುವವರು. ಹೇಳುವವರು ಒಬ್ಬರೇ ಇರಬೇಕು. ಒಬ್ಬರ ಕೈಕೆಳಗೆ ಐದು ಜನಕ್ಕಿಂತ ಜಾಸ್ತಿ ಬೇಡ. ಏಳು ದಾಟಿದರೆ ಯಾರು ಎಲ್ಲಿದ್ದಾರೆ ಅಂತಲೇ ಗೊತ್ತಾಗಲ್ಲ.

'ಹೇಳುವವರು' ಅಧ್ಯಕ್ಷರೇ ಆಗಬೇಕು ಅಂತಿಲ್ಲ. ಊರಲ್ಲೇ ಇರುವವರು, ಫೋನ್ ಎತ್ತುವವರು, ಜನ ಮಾತು ಕೇಳುವಂಥವರು ಆಗಿರಲಿ. ನಮ್ಮ ಕಡೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಬೇರೆ ಊರಿಂದ ಓಡಾಡುವುದು ಸಾಮಾನ್ಯ. ರಾತ್ರಿ ಹೊತ್ತು ಅವರು ಬರುವ ತನಕ ಯಾರ ಮಾತು ನಡೆಯಬೇಕು ಅನ್ನೋದನ್ನು ಸಭೆಯಲ್ಲಿ ನಿರ್ಣಯ ಮಾಡಿ ಬರೆದಿಡಿ. ಇಲ್ಲದಿದ್ದರೆ ಆ ಹೊತ್ತಿನಲ್ಲಿ ಪಕ್ಷ ಬರುತ್ತದೆ, ಕೇರಿ ಬರುತ್ತದೆ.

ಇನ್ನು ಬದಲಿ. ಚಿತ್ರದುರ್ಗದವರಿಗೆ ಒನಕೆ ಓಬವ್ವನ ಕಥೆ ಹೇಳಬೇಕಾಗಿಲ್ಲ. ಅವಳ ಧೈರ್ಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಆ ಕಿಂಡಿ ಮುಂದೆ ನಿಂತಾಗಲೆಲ್ಲ ಬೇರೆ ಒಂದು ಯೋಚನೆ ಬರುತ್ತದೆ. ಕಾವಲುಗಾರ ಊಟಕ್ಕೆ ಕೂತಿದ್ದ ಹೊತ್ತು. ಅವನ ಜಾಗಕ್ಕೆ ಇನ್ನೊಬ್ಬ ಕಾವಲುಗಾರ ಇರಲಿಲ್ಲ. ನೀರಿಗೆ ಅಂತ ಹೋದ ಹೆಂಡತಿ ಅಲ್ಲಿ ಇದ್ದಿದ್ದಕ್ಕೆ ಕೋಟೆ ಆ ದಿನ ಉಳಿಯಿತು. ನಿಮ್ಮ ಪಟ್ಟಿಯ ಪ್ರತಿ ಹೆಸರಿನ ಪಕ್ಕ ಎರಡನೇ ಹೆಸರು ಬರೆಯಿರಿ. ವಾಟರ್‌ಮ್ಯಾನ್‌ಗೆ ಬದಲಿ ಯಾರು? ಯಾವ ವಾಲ್ವ್ ತಿರುಗಿಸಿದರೆ ಯಾವ ಕೇರಿಗೆ ನೀರು ನಿಲ್ಲುತ್ತದೆ ಅಂತ ಅವರೊಬ್ಬರಿಗೆ ಮಾತ್ರ ಗೊತ್ತಿದ್ದರೆ, ಅವರು ಜ್ವರ ಬಂದು ಮಲಗಿದ ದಿನ ಊರಿನ ಗತಿ ಏನು?

ಹೆಜ್ಜೆ 3: ಕೋಡಿ ಗುರುತು ಹಾಕಿ

ಇಡೀ ಯೋಜನೆಯ ಜೀವ ಇಲ್ಲಿದೆ. ನಿಧಾನವಾಗಿ ಓದಿ.

ಚಿತ್ರದುರ್ಗ ಕೋಟೆಯ ಹೊಂಡಗಳನ್ನು ನೋಡಿದ್ದೀರಲ್ಲ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಎಷ್ಟು ಎತ್ತರಕ್ಕೆ ಬಂದರೆ ನೀರು ಎತ್ತ ಹೋಗಬೇಕು ಅಂತ ಕಲ್ಲು ಕಡಿಯುವಾಗಲೇ ತೀರ್ಮಾನ ಆಗಿತ್ತು. ತುಂಬಿದ ದಿನ ಯಾರೂ ಸಭೆ ಕರೆಯಬೇಕಾಗಿರಲಿಲ್ಲ.

ನಮ್ಮ ಯೋಜನೆಗಳಲ್ಲಿ ಈ ಕೋಡಿ ಇರುವುದಿಲ್ಲ. 'ನೀರು ಜಾಸ್ತಿಯಾದರೆ ಜನರನ್ನು ಸ್ಥಳಾಂತರಿಸುವುದು' ಅಂತ ಬರೆದಿರುತ್ತಾರೆ. ಜಾಸ್ತಿ ಅಂದರೆ ಎಷ್ಟು? ಅದನ್ನು ಆ ರಾತ್ರಿ ಯಾರು ಹೇಳಬೇಕು? ಹೇಳಿದವರು ತಪ್ಪಾದರೆ ಬೈಗುಳ ತಿನ್ನಬೇಕು. ಹಾಗಾಗಿ ಎಲ್ಲರೂ ಇನ್ನೊಂದು ಅರ್ಧ ಗಂಟೆ ನೋಡೋಣ ಅನ್ನುತ್ತಾರೆ. ಆ ಅರ್ಧ ಗಂಟೆಯಲ್ಲೇ ಜೀವ ಹೋಗುವುದು. ಆದ್ದರಿಂದ ಪ್ರತಿ ಆಪತ್ತಿಗೂ 'ಇಷ್ಟಾದರೆ ಇದು' ಅಂತ ಒಂದು ಸಾಲು ಬರೆಯಿರಿ. ಕಣ್ಣಿಗೆ ಕಾಣುವಂಥ, ವಾದಕ್ಕೆ ಜಾಗ ಕೊಡದಂಥ ಗುರುತು ಇರಬೇಕು.

ಮೊದಲು ಹೊಳೆ. ತುಂಗಾ ನದಿಯ ಗಾಜನೂರು ಅಣೆಕಟ್ಟು ಚಿಕ್ಕದು. ಮುಂಗಾರು ಹಿಡಿದರೆ ಬೇಗ ತುಂಬುತ್ತದೆ, ಆಮೇಲೆ ಬಂದ ನೀರೆಲ್ಲ ಹೊರಗೆ. ಲಕ್ಕವಳ್ಳಿಯ ಭದ್ರಾ ದೊಡ್ಡದು, 186 ಅಡಿ ತುಂಬುವ ತನಕ ಹಿಡಿದಿಟ್ಟುಕೊಳ್ಳುತ್ತದೆ. ಎರಡೂ ಕಡೆಯಿಂದ ಒಟ್ಟಿಗೆ ಬಿಟ್ಟರೆ ಕೂಡ್ಲಿಯಲ್ಲಿ ಸೇರಿ ಹೊನ್ನಾಳಿಗೆ, ಆಮೇಲೆ ಹರಿಹರಕ್ಕೆ ಬರುತ್ತದೆ. ಹೊನ್ನಾಳಿಯ ಬಾಲರಾಜ ಘಾಟ್, ಹರಿಹರದ ಗಂಗಾನಗರದವರಿಗೆ ಇದು ಅನುಭವದ ಮಾತು. ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಆದರೆ ಆ ಲೆಕ್ಕ ನಿಮ್ಮೂರಿನ ಮೆಟ್ಟಿಲಿಗೆ ಏನು ಅರ್ಥ ಅಂತ ಬೇರೆ ಯಾರೂ ಹೇಳಿಕೊಡಲ್ಲ. ನೀವೇ ಬರೆದುಕೊಳ್ಳಬೇಕು. ಇಂಥ ದಿನ ಇಷ್ಟು ಹೊತ್ತಿಗೆ ಗಾಜನೂರಿನಿಂದ ಇಷ್ಟು ಕ್ಯುಸೆಕ್ ಬಿಟ್ಟರು, ನಮ್ಮ ಘಾಟಿನ ಇಷ್ಟನೇ ಮೆಟ್ಟಿಲಿಗೆ ಇಷ್ಟು ಹೊತ್ತಿಗೆ ನೀರು ಬಂತು. ಎರಡು ಮಳೆಗಾಲ ಬರೆದರೆ ನಿಮ್ಮೂರಿನದೇ ಒಂದು ಲೆಕ್ಕ ಸಿಗುತ್ತದೆ. ನಮ್ಮೂರಿನಲ್ಲಿ ದೇವಸ್ಥಾನದ ಕಂಬಕ್ಕೆ ಮೂರು ಗೆರೆ ಎಳೆದಿದ್ದೇವೆ. ಹಳದಿ ಗೆರೆ ಮುಟ್ಟಿದರೆ ಕಾವಲು ಕೂರಬೇಕು. ಕಿತ್ತಳೆ ಗೆರೆಗೆ ದನಕರು, ನಡೆಯಲಾಗದವರು ಮೇಲೆ ಬರಬೇಕು. ಕೆಂಪು ಮುಟ್ಟಿದರೆ ಕೇರಿ ಪೂರ್ತಿ ಖಾಲಿ, ರಾತ್ರಿ ಎರಡು ಗಂಟೆ ಆದರೂ ಸರಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಹವಾಮಾನ ಇಲಾಖೆಯದೂ ಇದೇ ಬಣ್ಣದ ಲೆಕ್ಕ. ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕೆಲಸಕ್ಕೆ ಇಳಿಯಿರಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ವಿಪರೀತ. ನಿಮ್ಮ ಪಂಚಾಯ್ತಿಯಲ್ಲಿ ಎಷ್ಟು ಮಳೆ ಆಯಿತು ಅಂತ ತಿಳಿಯಲು ಬೆಂಗಳೂರಿನ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಕೇಳಬಹುದು. ಪಂಚಾಯ್ತಿ ಮಟ್ಟದಲ್ಲೇ ಅವರ ಮಳೆಮಾಪಕಗಳಿವೆ. ಸಿಡಿಲಿನ ಮುನ್ನೆಚ್ಚರಿಕೆಗೆ ದಾಮಿನಿ ಆಪ್ ಇದೆ. ನಾವು ಕೂಲಿ ಗುಂಪಿನ ಮೇಸ್ತ್ರಿಗಳ ಫೋನಿಗೆ ಅದನ್ನು ಹಾಕಿಸಿದೆವು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಕೆಲಸ ನಿಲ್ಲಿಸಿ ಪಕ್ಕಾ ಕಟ್ಟಡಕ್ಕೆ ಹೋಗಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬಾರದು. ಹುಣಸೆ ಮರದ ಕೆಳಗೆ ನಿಲ್ಲಲೇಬಾರದು.

ಬರ ಮೆಲ್ಲಗೆ ಬರುವ ಆಪತ್ತು, ಅದಕ್ಕೇ ಜನ ಅದಕ್ಕೆ ಗುರುತು ಹಾಕುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದವು. ಘೋಷಣೆಗೆ ಸರ್ಕಾರ ಮಳೆ ಕೊರತೆ, ಬೆಳೆ, ಮಣ್ಣಿನ ತೇವ, ಕೆರೆ-ಬೋರಿನ ನೀರು ಎಲ್ಲ ಅಳೆಯುತ್ತದೆ. ಅಷ್ಟರಲ್ಲಿ ನಿಮ್ಮ ಬೋರ್ ಒಣಗಿರುತ್ತದೆ. ನಿಮ್ಮ ಗುರುತು ಬೋರಿನದೇ ಇರಲಿ. ಟ್ಯಾಂಕ್ ತುಂಬಲು ಮೂರು ಗಂಟೆ ಹಿಡಿಯುತ್ತಿದ್ದ ಮೋಟಾರ್ ಐದು ಗಂಟೆ ತಗೊಂಡರೆ ಟ್ಯಾಂಕರ್ ಮಾತಾಡಿಟ್ಟುಕೊಳ್ಳಿ. ಲೆಕ್ಕ ಸುಲಭ. 1,200 ಜನರ ಊರು, ತಲೆಗೆ 55 ಲೀಟರ್ ಅಂದರೆ ದಿನಕ್ಕೆ 66,000 ಲೀಟರ್. 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ 14 ಸಲ ಓಡಬೇಕು. ದನಕರುಗಳ ನೀರು ಬೇರೆ. ಈ ಲೆಕ್ಕ ಕೈಯಲ್ಲಿದ್ದರೆ ತಹಶೀಲ್ದಾರ್ ಮುಂದೆ ಮಾತಾಡೋಕೆ ಬಲ ಬರುತ್ತದೆ.

ಮೇಲಿನವರಿಗೆ ದಾಟಿಸುವ ಗುರುತನ್ನೂ ಬರೆಯಿರಿ. ಐದು ಕುಟುಂಬದವರೆಗೆ ನಾವೇ ನೋಡಿಕೊಳ್ಳುತ್ತೇವೆ, ಆರನೆಯದು ಬಂದರೆ ತಾಲ್ಲೂಕಿಗೆ ಫೋನ್. ಮೇಲಿನವರನ್ನು ಕರೆದರೆ ನಮಗೆ ಅವಮಾನ ಅಂತ ಕೆಲವರು ತಡ ಮಾಡುತ್ತಾರೆ. ಸುಮ್ನೆ ತಡ ಆಗುತ್ತದೆ, ಮರ್ಯಾದೆಯೇನೂ ಉಳಿಯಲ್ಲ.

ಹೆಜ್ಜೆ 4: ಕೀಲಿಕೈ, ಜಾಗ, ಸಾಮಾನು, ಹಣ

ಕೀಲಿಕೈ ಮೂರು ಜೊತೆ. ಒಂದು ಶಾಲೆಯವರಲ್ಲಿ, ಒಂದು ಪಂಚಾಯ್ತಿಯಲ್ಲಿ, ಒಂದು ಶಾಲೆಗೆ ಹತ್ತಿರದ ಮನೆಯಲ್ಲಿ.

ಜಾಗದ ಲೆಕ್ಕದಲ್ಲಿ ನಾವು ದೊಡ್ಡ ತಪ್ಪು ಮಾಡಿದ್ದೆವು. ಆರು ಕೋಣೆಯ ಶಾಲೆಯಲ್ಲಿ ಇನ್ನೂರು ಜನ ಇರಬಹುದು ಅಂದುಕೊಂಡಿದ್ದೆವು. ಪರಿಹಾರ ಕೇಂದ್ರಗಳಿಗೆ ರಾಷ್ಟ್ರೀಯ ಪ್ರಾಧಿಕಾರ ಹಾಕಿದ ಕನಿಷ್ಠ ಮಟ್ಟ ಒಬ್ಬರಿಗೆ 3.5 ಚದರ ಮೀಟರ್. ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲದ ಕೋಣೆ ಸುಮಾರು 37 ಚದರ ಮೀಟರ್ ಆಗುತ್ತದೆ. ಅಂದರೆ ಹತ್ತು ಜನ. ಆರು ಕೋಣೆಗೆ ಅರವತ್ತು! ಉಳಿದವರಿಗೆ ಕಲ್ಯಾಣ ಮಂಟಪ, ಸಮುದಾಯ ಭವನ, ಮಠ ಇವನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕುಡಿಯಲು ತಲೆಗೆ ದಿನಕ್ಕೆ ಕನಿಷ್ಠ 3 ಲೀಟರ್, ದೊಡ್ಡವರಿಗೆ 2,400 ಕ್ಯಾಲೊರಿ ಊಟ, 30 ಜನರಿಗೆ ಒಂದು ಶೌಚಾಲಯ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೆಳಕು, ಒಳಗಿನ ಚಿಲಕ ಇದೆಯಾ ಅಂತ ಒಬ್ಬ ಹೆಣ್ಣುಮಗಳೇ ಹೋಗಿ ನೋಡಲಿ. ಚಿಲಕ ಇಲ್ಲದ ಒಂದೇ ಕಾರಣಕ್ಕೆ ಹೆಂಗಸರು ರಾತ್ರಿಯಿಡೀ ನೀರು ಕುಡಿಯದೆ ಕೂತಿದ್ದನ್ನು ಕಂಡಿದ್ದೇನೆ.

ಸಾಮಾನು ಕೊಳ್ಳೋದಕ್ಕಿಂತ ಯಾರ ಹತ್ತಿರ ಏನಿದೆ ಅಂತ ಬರೆದಿಡುವುದು ಮೇಲು. ಟ್ರ್ಯಾಕ್ಟರ್, ಜೆಸಿಬಿ, ಜನರೇಟರ್, ತೆಪ್ಪ, ಹಗ್ಗ, ಶಾಮಿಯಾನ, ದೊಡ್ಡ ಪಾತ್ರೆ, ಈಜು ಬಲ್ಲವರು. ಬಾಡಿಗೆ ಎಷ್ಟು ಅಂತ ಈಗಲೇ ಮಾತಾಡಿ. ತೀರಾ ತುರ್ತಿದ್ದಾಗ ಜಿಲ್ಲಾ ಪ್ರಾಧಿಕಾರ ವಾಹನ, ಕಟ್ಟಡಗಳನ್ನು ವಶಕ್ಕೆ ಪಡೆಯಬಹುದು, ಅದಕ್ಕೆ ಪರಿಹಾರ ಕೊಡಬೇಕು ಅಂತಲೂ ಕಾಯ್ದೆಯಲ್ಲಿದೆ. ಟೆಂಡರ್ ಇಲ್ಲದೆ ತುರ್ತು ಖರೀದಿಗೂ ದಾರಿ ಇದೆ. ಆದರೆ ಬಿಲ್ಲು, ಸಹಿ ಬಿಡಬೇಡಿ. ಲೆಕ್ಕ ಸರಿ ಇಲ್ಲದೆ ಆಮೇಲೆ ಒದ್ದಾಡಿದ ಒಳ್ಳೆ ಮನುಷ್ಯರು ಬಹಳ ಜನ ಇದ್ದಾರೆ.

ಸಂಘ, ಬ್ಯಾಂಕ್, ಅಂಗಡಿ ನಡೆಸುವವರಿಗೆ ಎರಡು ಮಾತು. ಲೆಕ್ಕದ ಕಂಪ್ಯೂಟರ್ ನಕಲು ದಿನಾ ತೆಗೆಯಿರಿ, ಅದು ಬೇರೆ ಕಟ್ಟಡದಲ್ಲಿರಲಿ. ಲೆಡ್ಜರ್, ಅಡವಿನ ಕಾಗದ ನೆಲಕ್ಕೆ ಹತ್ತಿದ ಕಪಾಟಿನಲ್ಲಿ ಬೇಡ. ಚೆಕ್ಕಿಗೆ ಸಹಿ ಮಾಡುವವರು ಇಬ್ಬರೇ ಇದ್ದು, ಇಬ್ಬರೂ ಒಂದೇ ಕಾರಿನಲ್ಲಿ ಪ್ರಯಾಣ ಮಾಡುವುದೂ ಬೇಡ.

ಹೆಜ್ಜೆ 5: ಸುದ್ದಿ ಹೇಳುವ ರೀತಿ

ಮೈಕ್ ಇರುವ ಕಸದ ಗಾಡಿ, ಗುಡಿ ಮತ್ತು ಮಸೀದಿಯ ಮೈಕ್, ವಾಟ್ಸಾಪ್ ಗುಂಪು, ಕರೆಂಟ್ ಹೋದರೆ ಡಂಗುರ. ನಾಲ್ಕೂ ಬೇಕು. ನಾಲ್ಕರಲ್ಲೂ ಹೊರಡುವ ಮಾತು ಒಂದೇ ಆಗಿರಬೇಕು, ಒಬ್ಬರೇ ಬರೆದದ್ದಾಗಿರಬೇಕು. ನಾವು ಮೊದಲೇ ಬರೆದಿಟ್ಟುಕೊಂಡ ಒಂದು ಮಾದರಿ ಇದು:

"ಈಗ ಮಂಗಳವಾರ ಸಂಜೆ 5 ಗಂಟೆ. ಕೆಳಗಿನ ಕೇರಿ, ಹೊಳೆ ರಸ್ತೆಯವರು 7 ಗಂಟೆಯೊಳಗೆ ಸರ್ಕಾರಿ ಶಾಲೆಗೆ ಬರಬೇಕು. ಆಧಾರ್, ರೇಷನ್ ಕಾರ್ಡ್, ದಿನಾ ತಗೊಳ್ಳುವ ಮಾತ್ರೆ, ಒಂದು ಜೊತೆ ಬಟ್ಟೆ ತನ್ನಿ. ದನಗಳನ್ನು ಮೇಲಿನ ಕಣಕ್ಕೆ ಹೊಡೆಯಿರಿ. ನಡೆಯಲಾಗದವರ ಮನೆಗೆ ಟ್ರ್ಯಾಕ್ಟರ್ ಬರುತ್ತದೆ. ಮುಂದಿನ ಸುದ್ದಿ 6 ಗಂಟೆಗೆ ಹೇಳುತ್ತೇವೆ."

ಕೊನೆಯ ಸಾಲು ಬಿಡಬೇಡಿ. ಆರು ಗಂಟೆಗೆ ಹೊಸದೇನೂ ಇಲ್ಲದಿದ್ದರೂ 'ಹೊಸದಿಲ್ಲ, ಮುಂದಿನದು 7ಕ್ಕೆ' ಅಂತ ಹೇಳಿ. ಸುದ್ದಿ ಬರುವ ಹೊತ್ತು ಗೊತ್ತಿದ್ದರೆ ಜನ ಕಾಯುತ್ತಾರೆ, ಗೊತ್ತಿಲ್ಲದಿದ್ದರೆ ಗಾಳಿ ಮಾತು ಹುಟ್ಟುತ್ತದೆ. ಕೆರೆ ಏರಿ ಒಡೆಯಿತಂತೆ ಅನ್ನುವ ಒಂದು ಸುಳ್ಳು ಸಂದೇಶ ಇಡೀ ಊರನ್ನು ಕತ್ತಲಲ್ಲಿ ಓಡಿಸಬಲ್ಲದು. ಸುಳ್ಳು ಅಂತ ಗೊತ್ತಿದ್ದೂ ಆಪತ್ತಿನ ಎಚ್ಚರಿಕೆ ಹಬ್ಬಿಸಿ ಜನರನ್ನು ಗಾಬರಿಪಡಿಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ. ಇದನ್ನು ಗುಂಪಿನಲ್ಲಿ ಮಳೆಗಾಲಕ್ಕೆ ಮುಂಚೆಯೇ ಒಮ್ಮೆ ಹಾಕಿಬಿಡಿ.

ಗೋಡೆಗೆ ಬರೆಸಬೇಕಾದ ನಂಬರ್: ಪೊಲೀಸ್, ಅಗ್ನಿಶಾಮಕಕ್ಕೆ 112, ಆಂಬುಲೆನ್ಸ್ 108, ಜಿಲ್ಲಾ ನಿಯಂತ್ರಣ ಕೊಠಡಿ 1077, ತಂತಿ ಹರಿದು ಬಿದ್ದರೆ ಬೆಸ್ಕಾಂ 1912.

ಹೆಜ್ಜೆ 6: ಅಣಕು ಮಾಡಿ ನೋಡಿ

ಮೊದಲು ಕೂತಲ್ಲೇ. ಎಂಟು ಜನ, ಒಂದು ಮೇಜು, ಊರಿನ ನಕ್ಷೆ. ಒಬ್ಬರು ಓದುತ್ತಾ ಹೋಗಬೇಕು: "ರಾತ್ರಿ 10. ಕಂಬದ ಕಿತ್ತಳೆ ಗೆರೆಗೆ ನೀರು. ಕರೆಂಟ್ ಇಲ್ಲ. ಈಗ ಏನು?" ಹೇಳುವವರು ಹೇಳಲಿ. ಆಮೇಲೆ, "ಟ್ರ್ಯಾಕ್ಟರ್ ಮಾಲೀಕ ಫೋನ್ ಎತ್ತುತ್ತಿಲ್ಲ. ಈಗ?" ಎರಡು ಗಂಟೆ ಸಾಕು. ನಿಮ್ಮ ಯೋಜನೆಯಲ್ಲಿ ಎಲ್ಲಿ ತೂತಿದೆ ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ.

ಆಮೇಲೆ ವರ್ಷಕ್ಕೊಮ್ಮೆ ನಿಜವಾಗಿ ನಡೆದು ನೋಡಿ. ಮುದುಕರೊಬ್ಬರನ್ನು ಕುರ್ಚಿ ಮೇಲೆ ಕೂರಿಸಿ ಕೇರಿಯಿಂದ ಶಾಲೆಗೆ ಹೊತ್ತು ತನ್ನಿ, ಗಡಿಯಾರ ಹಿಡಿದು. ನಮಗೆ ಅದು ಹದಿನೆಂಟು ನಿಮಿಷ ಹಿಡಿಯಿತು. ಐದು ನಿಮಿಷ ಅಂದುಕೊಂಡಿದ್ದೆವು.

ಹೆಜ್ಜೆ 7: ಆ ದಿನ

ಎಲ್ಲಕ್ಕಿಂತ ಸಾಮಾನ್ಯವಾಗಿ ಬರುವ, ಎಲ್ಲರೂ ಹಗುರವಾಗಿ ನೋಡುವ ಆಪತ್ತು ನೀರು ಕೆಡುವುದು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಅದಕ್ಕೆ ಇದನ್ನೇ ಇಟ್ಟುಕೊಂಡು ಮೊದಲ ಗಂಟೆಗಳ ಕೆಲಸ ಹೇಳುತ್ತೇನೆ.

ಗುರುತು: ಒಂದೇ ಕೇರಿಯ ಎರಡು ಮನೆಯಲ್ಲಿ, ಒಂದೇ ದಿನ, ಮೂವರಿಗೆ ವಾಂತಿ-ಭೇದಿ. ಲ್ಯಾಬ್ ವರದಿಗೆ ಕಾಯಬೇಡಿ. ವಾಲ್ವ್ ನಿಲ್ಲಿಸಿ. ಆ ನಲ್ಲಿ ನೀರು ಕುಡಿಯಬೇಡಿ, ಮುಖ ತೊಳೆಯಲೂ ಬಳಸಬೇಡಿ ಅಂತ ಮೈಕಿನಲ್ಲಿ ಹೇಳಿ. ಮಡಕೆ, ಹಂಡೆಯಲ್ಲಿ ತುಂಬಿಟ್ಟ ನೀರನ್ನೂ ಚೆಲ್ಲಿಸಿ. ಇದನ್ನು ಮರೆಯುತ್ತಾರೆ, ಕಾಯಿಲೆ ಇನ್ನೂ ಎರಡು ದಿನ ನಡೆಯುತ್ತದೆ. ಟ್ಯಾಂಕರ್ ಕರೆಸಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆಶಾ ಮನೆ ಮನೆಗೆ ಓಆರ್‌ಎಸ್ ಹಿಡಿದು ಹೋಗಲಿ. ಓಆರ್‌ಎಸ್ ಪೊಟ್ಟಣ ಮುಗಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಚಮಚ ಗೋಪುರ ಕಟ್ಟದಂತೆ ಸಮ ಅಳತೆ.

ಈಗ ಒಂದು ಸೂಕ್ಷ್ಮ. ಗಾಬರಿಯಲ್ಲಿ ಮೊದಲು ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ. ಸುರಿದ ಮೇಲೆ ತೆಗೆದ ಮಾದರಿಯಲ್ಲಿ ಏನೂ ಸಿಗಲ್ಲ, ಕಾರಣ ಗೊತ್ತಾಗದೆ ಹೋಗುತ್ತದೆ. ಮಾದರಿ ಮೊದಲು, ಪೌಡರ್ ಆಮೇಲೆ. ಕಾಯಿಲೆ ಬಂದ ಮನೆಗಳನ್ನು ಪೈಪ್‌ಲೈನ್ ನಕ್ಷೆ ಮೇಲೆ ಚುಕ್ಕೆ ಇಡುತ್ತಾ ಹೋಗಿ. ಚುಕ್ಕೆಗಳು ಒಂದು ಕಡೆ ಸೇರಿದರೆ ಅಲ್ಲೇ ಎಲ್ಲೋ ಚರಂಡಿಯೊಳಗೆ ಹಾದ ಪೈಪ್ ಒಡೆದಿರುತ್ತದೆ.

ಪೌಡರಿನ ಲೆಕ್ಕ: 33 ಶೇಕಡಾ ಕ್ಲೋರಿನ್ ಇರುವ ಒಳ್ಳೆಯ ಪೌಡರ್ 1,000 ಲೀಟರಿಗೆ ಸುಮಾರು 2.5 ಗ್ರಾಂ. 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ 125 ಗ್ರಾಂ. ಬಕೆಟ್ಟಿನಲ್ಲಿ ಮೊದಲು ಗಂಜಿಯಂತೆ ಕಲಸಿ, ನೀರು ಬೆರೆಸಿ, ಸುಣ್ಣ ತಳಕ್ಕೆ ಕೂರುವ ತನಕ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ. ಒಂದು ಗಂಟೆ ಬಿಡಿ. ಆಮೇಲೆ ಊರಿನ ಕೊನೆಯ ನಲ್ಲಿಯಲ್ಲಿ ಪರೀಕ್ಷೆ ಮಾಡಿ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕಾಯಿಲೆ ಹಬ್ಬಿದಾಗ ಇನ್ನೂ ಎಷ್ಟು ಜಾಸ್ತಿ ಬೇಕು ಅಂತ ಆರೋಗ್ಯ ಇಲಾಖೆಯವರು ಹೇಳುತ್ತಾರೆ. ಬಾಯಿ ತೆರೆದ ಚೀಲದಲ್ಲಿ ವರ್ಷದಿಂದ ಬಿದ್ದ ಪೌಡರಿಗೆ ಶಕ್ತಿ ಇರುವುದಿಲ್ಲ, ನೆನಪಿಡಿ.

'ಬರೆಯುವವರು' ಮೊದಲ ನಿಮಿಷದಿಂದ ಒಂದು ನೋಟ್‌ಬುಕ್ಕಿನಲ್ಲಿ ಗಂಟೆ ಹಾಕಿ ಬರೆಯುತ್ತಿರಬೇಕು. 6.10 ವಾಲ್ವ್ ನಿಲ್ಲಿಸಿದೆವು. 6.25 ವೈದ್ಯರಿಗೆ ಫೋನ್. ನಾಳೆ ಪ್ರಶ್ನೆ ಬಂದಾಗ ನಿಮ್ಮ ಪರವಾಗಿ ಮಾತಾಡುವುದು ಆ ಪುಸ್ತಕ ಒಂದೇ. ಹನ್ನೆರಡು ತಾಸು ಕೆಲಸ ಮಾಡಿದ ಮೇಲೆ ಎಲ್ಲರ ಜಾಗಕ್ಕೂ ಬದಲಿಯವರು ಬರಬೇಕು. ನಿದ್ದೆಗೆಟ್ಟವರ ತೀರ್ಮಾನ ಸರಿ ಬರುವುದಿಲ್ಲ.

ಮುಗಿಯಿತು ಅಂತ ಬೇಗ ಹೇಳಬೇಡಿ. 2020ರ ಏಪ್ರಿಲ್‌ನಲ್ಲಿ ಕೊರೊನಾ ವಿಷಯದಲ್ಲಿ ದಾವಣಗೆರೆ ಹಸಿರು ವಲಯ ಅನಿಸಿಕೊಂಡಿತ್ತು, ಮೇ ತಿಂಗಳಲ್ಲಿ ಪ್ರಕರಣ ಏರಿದವು. ಯಾವ ಗುರುತಿಗೆ ಇಳಿದರೆ ಮುಗಿಯಿತು ಅನ್ನೋದನ್ನೂ ಮೂರನೇ ಹೆಜ್ಜೆಯಲ್ಲೇ ಬರೆದಿರಬೇಕು.

ಹೆಜ್ಜೆ 8: ಆಮೇಲಿನ ವಾರ

ಪರಿಹಾರದ ಕಾಗದ ಮೊದಲು. ಫಸಲ್ ಬಿಮಾ (ಬೆಳೆ ವಿಮೆ) ಮಾಡಿಸಿದ ರೈತರ ಹೊಲಕ್ಕೆ ನೀರು ನುಗ್ಗಿದ್ದರೆ 72 ಗಂಟೆಯೊಳಗೆ ತಿಳಿಸಬೇಕು. ವಿಪತ್ತು ನಿಧಿಯಿಂದ ಬೆಳೆ ಪರಿಹಾರಕ್ಕೆ ಕನಿಷ್ಠ 33 ಶೇಕಡಾ ನಷ್ಟ ಆಗಿರಬೇಕು. ಮನೆ ಬಿದ್ದವರು ಅವಶೇಷ ತೆಗೆಯುವ ಮುಂಚೆ ಫೋಟೊ ತೆಗೆಯಲಿ. ಜೀವ ಹೋಗಿದ್ದರೆ ಕೇಂದ್ರದ ನಿಯಮದಂತೆ 4 ಲಕ್ಷ ರೂಪಾಯಿ. ಸಿಡಿಲಿನ ಸಾವಿನಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸದೆ ಮಣ್ಣು ಮಾಡಿಬಿಟ್ಟರೆ ಆ ಮನೆಯವರಿಗೆ ಪರಿಹಾರ ಪಡೆಯುವುದು ಬಹಳ ಕಷ್ಟ. ದುಃಖದ ಮನೆಯಲ್ಲಿ ಈ ಮಾತು ಹೇಳುವುದು ಸುಲಭ ಅಲ್ಲ. ಯಾರಾದರೂ ಹಿರಿಯರು ಮೆಲ್ಲಗೆ ಹೇಳಬೇಕು.

ಹತ್ತು ದಿನದೊಳಗೆ ಒಂದು ಸಭೆ. ಯಾರು ತಪ್ಪು ಮಾಡಿದರು ಅಂತ ಕೇಳುವ ಸಭೆ ಅಲ್ಲ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಯಾರೂ ಬಾಯಿ ಬಿಡಲ್ಲ. ನೋಟ್‌ಬುಕ್ ಓದುತ್ತಾ ಹೋಗಿ. ಎಲ್ಲಿ ತಡ ಆಯಿತು, ಯಾಕೆ, ಯೋಜನೆಯಲ್ಲಿ ಯಾವ ಸಾಲು ಬದಲಾಗಬೇಕು, ಯಾವ ತಾರೀಖಿನೊಳಗೆ. ಕೆಳಗಿನ ಕೇರಿಯ ಹೆಂಗಸರನ್ನು ಕರೆಯದೆ ಈ ಸಭೆ ಮಾಡಬೇಡಿ. ಶೌಚಾಲಯದ ಚಿಲಕದ ವಿಷಯ ನಮಗೆ ತಿಳಿದಿದ್ದು ಅವರಿಂದಲೇ.

ಆಮೇಲೆ ಪ್ರತಿ ಮೇ ತಿಂಗಳ ಮೊದಲ ವಾರ ಪಟ್ಟಿಯ ಪ್ರತಿ ನಂಬರಿಗೂ ಫೋನ್ ಮಾಡಿ. ಕಳೆದ ಸಲ ನಾವು ಮಾಡಿದಾಗ ಜನರೇಟರ್ ಮಾಲೀಕರು ಅದನ್ನು ಮಾರಿಬಿಟ್ಟಿದ್ದರು, ಲೈನ್‌ಮ್ಯಾನ್‌ಗೆ ವರ್ಗ ಆಗಿತ್ತು, ಈಜು ಬಲ್ಲ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ. ಮೂರು ಹೆಸರು ಹೊಡೆದು ಹಾಕಿ ಮೂರು ಹೊಸದು ಬರೆದೆವು. ಶಾಲೆಯ ಬೀಗ ಬದಲಾಗಿತ್ತು. ಹೊಸ ಕೀಲಿಕೈ ಮೂರು ಜೊತೆ ಮಾಡಿಸಿ, ಒಂದನ್ನು ಶಾಲೆ ಎದುರಿನ ಮನೆಯ ದೇವರ ಗೂಡಿನಲ್ಲಿ ಇಟ್ಟು ಬಂದೆವು.